ಸೆಕೆಂಡ್ ಹ್ಯಾಂಡ್ ಐಬನೇಜ್ ಜೆಮ್ 7ವಿ: ಒರಿಜಿನಲ್ಲೋ ಡೂಪ್ಲಿಕೇಟೋ?

ನಾಗರಭಾವಿ_ನಾಯ್ಸ್:
ಎಲ್ಲರಿಗೂ ನಮಸ್ಕಾರ. ಬಸವೇಶ್ವರನಗರದಲ್ಲಿ ಒಬ್ಬರು ಬಿಳಿ ಬಣ್ಣದ ಐಬನೇಜ್ ಜೆಮ್ 7ವಿ ಎಲೆಕ್ಟ್ರಿಕ್ ಗಿಟಾರ್ ಮಾರುತ್ತಿದ್ದಾರೆ, ಅದೇ ಗಿಟಾರಿಸ್ಟ್ ಸ್ಟೀವ್ ವಾಯ್ ಹೆಸರಿನ ಸಿಗ್ನೇಚರ್ ಮಾಡೆಲ್. 85,000 ಹೇಳ್ತಿದ್ದಾರೆ. ಅವರ ಭಾವ 2006ರಲ್ಲಿ ಸಿಂಗಪುರದಿಂದ ತಂದಿದ್ದಂತೆ, ಬಿಲ್ ಇಲ್ಲ. ಹೆಡ್‌ಸ್ಟಾಕ್ (ಗಿಟಾರ್‌ನ ತಲೆ ಭಾಗ) ಹಿಂದೆ ಎಫ್06 ಅಂತ ಶುರುವಾಗುವ ನಂಬರ್, ಜೊತೆಗೆ ಮೇಡ್ ಇನ್ ಜಪಾನ್. ಬಾಡಿ ಹಿಂದೆ ಮಾರ್ಕರ್‌ನಲ್ಲಿ ವಾಯ್ ಸಹಿ ಬೇರೆ! ಫೋಟೋ ಜೂಮ್ ಮಾಡಿದರೆ ಬ್ರಿಡ್ಜ್ (ತಂತಿಗಳ ಕೆಳ ತುದಿ ಕೂರುವ ಲೋಹದ ಭಾಗ) ಮೇಲೆ ಲೋ-ಪ್ರೋ ಎಡ್ಜ್ ಅಂತ ಕಾಣುತ್ತೆ. ಶನಿವಾರ ನೋಡಕ್ಕೆ ಹೋಗ್ತಿದ್ದೀನಿ. ಏನೇನು ಚೆಕ್ ಮಾಡಬೇಕು ಹೇಳ್ರಪ್ಪಾ.

ಡ್ರಾಪ್_ಡಿ_ದೋಸೆ:
ಗುರು, ನಂಬರ್ ನೋಡಿ ಸಮಾಧಾನ ಪಟ್ಕೋಬೇಡಿ. ಐಬನೇಜ್‌ಗೆ ಗಿಟಾರ್ ಮಾಡಿಕೊಡುವ ಜಪಾನಿನ ಫುಜಿಗೆನ್ ಕಾರ್ಖಾನೆಯಲ್ಲಿ 1997ರಿಂದ ಆಚೆಗೆ ಎಫ್ ಆದಮೇಲಿನ ಎರಡು ಅಂಕಿಯೇ ಇಸವಿ. ಹಾಗಾಗಿ ಎಫ್06 ಅಂದರೆ 2006, ಅವರ ಕಥೆಗೆ ಸರಿಯಾಗಿ ಕೂರುತ್ತೆ. ಆದರೆ ನಂಬರ್ ಯಾರು ಬೇಕಾದರೂ ಒತ್ತಬಹುದು ಅಲ್ವಾ? ನನಗೆ ಅನುಮಾನ ಬಂದಿರೋದು ಬ್ರಿಡ್ಜ್ ಮೇಲೆ. 2003ರಿಂದ ಕೆಲವು ವರ್ಷ ಈ ಮಾಡೆಲ್‌ಗೆ ಎಡ್ಜ್ ಪ್ರೋ ಅನ್ನೋ ಬ್ರಿಡ್ಜ್ ಹಾಕುತ್ತಿದ್ದರು. ಲೋ-ಪ್ರೋ ಅದಕ್ಕೆ ಮುಂಚೆ ಇತ್ತು, ಆಮೇಲೆ ಮತ್ತೆ ಬಂತು. 2006ರ ಗಿಟಾರ್‌ನಲ್ಲಿ ಅದು ಯಾಕಿದೆ ಅಂತ ಕೇಳಿ.

ಸಹಿ ವಿಷಯ ಬಿಟ್ಟಾಕಿ. 1987ರಲ್ಲಿ ಜೆಮ್ ಮೊದಲು ಬಂದಾಗ ಹಸಿರು ಬಣ್ಣದ 777 ಗಿಟಾರ್‌ಗಳಿಗೆ ವಾಯ್ ಸಹಿ ಹಾಕಿದ್ದು ನಿಜ. ಬಿಳಿ 7ವಿ ಬಂದಿದ್ದೇ 1993ರಲ್ಲಿ, ಅದು ಆ ಲೆಕ್ಕಕ್ಕೆ ಬರಲ್ಲ. ಮಾರ್ಕರ್ ಪೆನ್ ಎಲ್ಲ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತೆ.

ಫಝ್_ಫ್ರಮ್_ಪೀಣ್ಯ:
ಬ್ರಿಡ್ಜ್ ಒಂದನ್ನೇ ಹಿಡ್ಕೊಂಡು ಡೂಪ್ಲಿಕೇಟ್ ಅನ್ನಕ್ಕಾಗಲ್ಲ. ಎಡ್ಜ್ ಪ್ರೋ ಇಷ್ಟ ಆಗದೆ ತೆಗೆದು ಲೋ-ಪ್ರೋ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ಕೂಡ ಹಾಗೇ, ಇಷ್ಟು ವರ್ಷದಲ್ಲಿ ಯಾರೋ ಬದಲಾಯಿಸಿರಬಹುದು.

ಡ್ರಾಪ್_ಡಿ_ದೋಸೆ:
ಒಪ್ಪಿದೆ. ಅದಕ್ಕೇ ಹೆಸರು ಓದಬೇಡಿ, ಕೈಯಲ್ಲಿ ಹಿಡಿದು ನೋಡಿ ಅನ್ನೋದು. ಕಾಪಿ ಹೊಡೆಯುವವರು ಕಣ್ಣಿಗೆ ಬೀಳೋದನ್ನೆಲ್ಲ ಮಾಡ್ತಾರೆ: ಬಾಡಿಯಲ್ಲಿ ಕೈ ತೂರಿಸುವ ತೂತು, ಚಿನ್ನದ ಬಣ್ಣದ ಬಿಡಿಭಾಗ, ಬೆರಳೊತ್ತುವ ಫ್ರೆಟ್‌ಬೋರ್ಡ್ ಮೇಲಿನ ಬಳ್ಳಿ ಚಿತ್ತಾರ. ದುಡ್ಡು ಉಳಿಸೋದು ಲೋಹದಲ್ಲಿ ಮತ್ತು ವೈರಿಂಗ್‌ನಲ್ಲಿ.

ಮೊದಲು ವ್ಯಾಮಿ ಬಾರ್ (ಸ್ವರ ಏರಿಳಿಸಲು ಬ್ರಿಡ್ಜ್‌ಗೆ ಸಿಕ್ಕಿಸುವ ಕಡ್ಡಿ) ಕಿತ್ತು ನೋಡಿ. ಎಡ್ಜ್, ಲೋ-ಪ್ರೋ, ಎಡ್ಜ್ ಪ್ರೋ ಯಾವುದೇ ಆಗಲಿ, ಬಾರ್ ಅನ್ನು ಸುಮ್ನೆ ಒತ್ತಿದರೆ ಒಳಗೆ ಕೂರುತ್ತೆ, ಎಳೆದರೆ ಬರುತ್ತೆ. ತಿರುಗಿಸಿ ಬಿಗಿ ಮಾಡುವ ತಿರುಪಿನ ಕಾಲರ್ (ಬಳೆ) ಇದ್ದರೆ ಅದು ಮಾಮೂಲಿ ಫ್ಲಾಯ್ಡ್ ರೋಸ್ ಥರದ ಬ್ರಿಡ್ಜ್. ಮೇಲೆ ಲೋ-ಪ್ರೋ ಅಂತ ಬರೆದು ಕೆಳಗೆ ಆ ಕಾಲರ್ ಇದ್ದರೆ ಮಾತು ಮುಗೀತು. ಯಾಕಂದ್ರೆ ಬ್ರಿಡ್ಜ್ ಬದಲಾಯಿಸುವವರು ಒಳ್ಳೇದು ಹಾಕಿಸ್ತಾರೆ, ಸುಳ್ಳು ಹೆಸರಿನ ಬ್ರಿಡ್ಜ್ ಯಾರೂ ದುಡ್ಡು ಕೊಟ್ಟು ಹಾಕಿಸಲ್ಲ.

ಎರಡನೇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಪಿಕ್‌ಗಾರ್ಡ್ (ಬಾಡಿ ಮೇಲಿನ ಪ್ಲಾಸ್ಟಿಕ್ ಹಲಗೆ) ಬಿಚ್ಚೋದೂ ಬೇಡ. ಗಿಟಾರನ್ನು ಆಂಪ್‌ಗೆ ಹಾಕಿ, ವಾಲ್ಯೂಮ್ ಕಮ್ಮಿ ಇಟ್ಟು, ಪಿಕಪ್ ಆರಿಸುವ ಸ್ವಿಚ್ ಅನ್ನು ಬ್ರಿಡ್ಜ್ ಕಡೆಯಿಂದ ಎರಡನೇ ಜಾಗಕ್ಕೆ ತನ್ನಿ. ಒಂದು ಚಿಕ್ಕ ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್‌ಗಳ ಸ್ಕ್ರೂ ತಲೆಗಳನ್ನು ಮೆಲ್ಲಗೆ ಮುಟ್ಟಿ. ಕೆಲಸ ಮಾಡ್ತಿರೋ ಕಾಯಿಲ್ (ಪಿಕಪ್ ಒಳಗಿನ ತಂತಿ ಸುರುಳಿ) ಮೇಲೆ ಟಕ್ ಅಂತ ಜೋರಾಗಿ ಕೇಳುತ್ತೆ, ಸುಮ್ಮನಿರೋದರ ಮೇಲೆ ಸದ್ದು ತೀರಾ ಸಣ್ಣದು. ಜೆಮ್‌ನಲ್ಲಿ ಆ ಜಾಗದಲ್ಲಿ ಬ್ರಿಡ್ಜ್ ಹಂಬಕರ್‌ನ (ಎರಡು ಕಾಯಿಲ್ ಇರುವ ಪಿಕಪ್) ಒಂದೇ ಕಾಯಿಲ್ ಮಧ್ಯದ ಪಿಕಪ್ ಜೊತೆ ಸೇರಬೇಕು. ನೆಕ್ (ಗಿಟಾರ್‌ನ ಉದ್ದ ಕತ್ತು) ಕಡೆ ನಾಲ್ಕನೇ ಜಾಗದಲ್ಲೂ ಅದೇ ಕಥೆ. ಹಂಬಕರ್‌ನ ಎರಡೂ ಕಾಯಿಲ್ ಟಕ್ ಟಕ್ ಅಂದರೆ ವೈರಿಂಗ್ ಜೆಮ್‌ದಲ್ಲ. ಯಾರೋ ಬದಲಾಯಿಸಿರಬಹುದು ಅಂತ ಫಝ್ ಹೇಳಿದ್ದು ಇಲ್ಲಿ ನಿಲ್ಲುತ್ತೆ, ಆದರೆ ಬಾರ್ ಪರೀಕ್ಷೆಯ ಜೊತೆ ಇದೂ ಫೇಲ್ ಆದರೆ ಇನ್ನೇನು ಬೇಕು.

ಅವರ ಮನೇಲಿ ಆಂಪ್ ಇಲ್ಲ ಅಂದರೆ ಹತ್ತಿರದ ಯಾವುದಾದರೂ ಜಾಮ್ ರೂಮ್‌ಗೆ ಕರೀರಿ. ಬರಲ್ಲ ಅಂದರೆ ಅದೂ ಒಂದು ಉತ್ತರವೇ.

ಫಝ್_ಫ್ರಮ್_ಪೀಣ್ಯ:
ಕೊನೇ ನಾಲ್ಕು ಫ್ರೆಟ್ (ಲೋಹದ ಅಡ್ಡ ಪಟ್ಟಿ) ನಡುವಿನ ಮರ ನೋಡೋದು ಮರೀಬೇಡಿ. 21ರಿಂದ 24ರವರೆಗೆ ಮಾತ್ರ ಬೆರಳಿಗೆ ಸಿಗುವ ಹಾಗೆ ಗುಳಿ ತೋಡಿರಬೇಕು. ಬಳ್ಳಿಯನ್ನು ಟಾರ್ಚ್ ಬಿಟ್ಟು ನೋಡಿ, ಎಲೆ ಸುತ್ತ ಕಪ್ಪು ಅಂಟು ತುಂಬಿದ್ದರೆ, ಬಳ್ಳಿ ದಪ್ಪಗಿದ್ದರೆ ಅನುಮಾನ ಪಡಿ.

ನಾಗರಭಾವಿ_ನಾಯ್ಸ್:
ಹೋಗಿ ಬಂದೆ. ಬಾರ್ ಎಳೆದರೆ ಬರಲಿಲ್ಲ, ಕಾಲರ್ ತಿರುಗಿಸಿ ಬಿಚ್ಚಬೇಕಾಯ್ತು. ಅಷ್ಟು ಹೊತ್ತಿಗೇ ಅವರ ಮುಖ ಒಂಥರಾ ಆಗಿತ್ತು. ಆಂಪ್ ಇತ್ತು, ಎರಡೂ ಕಾಯಿಲ್ ಜೋರಾಗಿ ಟಕ್ ಅಂದವು. ಫ್ರೆಟ್ ನಡುವೆ ಗುಳಿ ಇಲ್ಲ, ಕೊನೇವರೆಗೂ ಸಪಾಟು. ಬಳ್ಳಿಯಲ್ಲಿ 12ನೇ ಫ್ರೆಟ್ ಹತ್ತಿರ ಒಂದು ಎಲೆಯ ತುದಿ ಉಗುರಿಗೆ ಸಿಗುವಷ್ಟು ಮೇಲೆದ್ದಿದೆ, ಸುತ್ತ ಕಪ್ಪು ಅಂಟು. ಭಾವನಿಗೇ ಯಾರೋ ಟೋಪಿ ಹಾಕಿರಬೇಕು ಅಂದರು, ಪಾಪ ನಿಜ ಇದ್ದರೂ ಇರಬಹುದು. ಈಗ 25,000ಕ್ಕೆ ತಗೊಳ್ಳಿ ಅಂತಿದ್ದಾರೆ. ನೆಕ್ ಏನೋ ಚೆನ್ನಾಗಿದೆ, ತಗೊಳ್ಲಾ?

ಡ್ರಾಪ್_ಡಿ_ದೋಸೆ:
ಬೇಡ. ಆ ಥರದ ಬ್ರಿಡ್ಜ್‌ನಲ್ಲಿ ಸಾಮಾನ್ಯವಾಗಿ ಲೋಹ ಮೆತ್ತಗಿರುತ್ತೆ. ಬಾಡಿಯ ಎರಡು ಕಂಬಕ್ಕೆ ಆತುಕೊಳ್ಳುವ ಚೂಪಾದ ಅಂಚು ಬೇಗ ಸವೆದು ಹೋಗುತ್ತೆ, ಆಮೇಲೆ ಬಾರ್ ಮುಟ್ಟಿದಾಗೆಲ್ಲ ಟ್ಯೂನಿಂಗ್ ಕೆಡುತ್ತೆ. ಒಳ್ಳೆ ಬ್ರಿಡ್ಜ್ ಹಾಕಿಸೋಣ ಅಂದರೆ ಅಲ್ಲಿನ ಮರದ ಕೆತ್ತನೆಗೆ ಅದು ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಾಳೆ ನೀವು ಮಾರುವಾಗ ಡೂಪ್ಲಿಕೇಟ್ ಅಂತ ಹೇಳಿಯೇ ಮಾರಬೇಕು, ಯಾರು ತಗೋತಾರೆ?

ಬಳ್ಳಿ, ಹಿಡಿ ತೂತು ಅಷ್ಟೇ ಆಸೆ ಇದ್ದರೆ ಜೆಮ್ ಜೂನಿಯರ್ ಹುಡುಕಿ. ಐಬನೇಜ್ ಕಂಪನಿಯದೇ, ಇಂಡೋನೇಷ್ಯಾದಲ್ಲಿ ತಯಾರಾಗೋದು, ಹೆಡ್‌ಸ್ಟಾಕ್ ಹಿಂದೆ ಹಾಗಂತಲೇ ಬರೆದಿರುತ್ತೆ. ಪಿಕಪ್ 7ವಿಯಲ್ಲಿರೋ ಡಿಮಾರ್ಜಿಯೊ ಕಂಪನಿಯದಲ್ಲ, 7ವಿ ಮಟ್ಟದ್ದೂ ಅಲ್ಲ, ಆದರೆ ಕಾಪಿ ಅಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀವಿ. ಅದನ್ನೇ 7ವಿ ಅಂತ ಮಾರುವವರೂ ಇರ್ತಾರೆ, ಹೆಡ್‌ಸ್ಟಾಕ್ ಹಿಂಭಾಗದ ಫೋಟೋ ಮೊದಲು ಕೇಳಿ.

ನಾಗರಭಾವಿ_ನಾಯ್ಸ್:
ಸರಿ, ಬೇಡ ಅಂತ ಮೆಸೇಜ್ ಹಾಕಿದೆ. ಥ್ಯಾಂಕ್ಸ್ ಇಬ್ಬರಿಗೂ. ಜೂನಿಯರ್ ಒಂದು ಎಚ್‌ಎಸ್‌ಆರ್ ಲೇಔಟ್ ಕಡೆ ಇದೆಯಂತೆ, ಫೋಟೋ ಕೇಳಿದ್ದೀನಿ.