ಸಹಾಯ ಬೇಕು: ಕಾಂಟ್ ದೇವರನ್ನು ಯಾಕೆ ವಾಪಸ್ ಕರೆದ?

ಎಲ್ಲರಿಗೂ ನಮಸ್ಕಾರ. ಯುರೋಪಿನಲ್ಲಿ ನೀತಿ ದೇವರ ಆಜ್ಞೆಯಿಂದ ಬಿಡಿಸಿಕೊಂಡದ್ದು ಹೇಗೆ ಅಂತ ನಮ್ಮ ಓದುಗರ ಬಳಗದಲ್ಲಿ ಮಾತಾಡಬೇಕಿದೆ.

ಶುರು ಸಲೀಸಾಗಿದೆ. 1625ರಲ್ಲಿ ಡಚ್ ನ್ಯಾಯವಾದಿ ಗ್ರೋಶಿಯಸ್, ದೇವರಿಲ್ಲ ಎಂದುಕೊಂಡರೂ ಸಹಜ ನ್ಯಾಯ, ಅಂದರೆ ಮನುಷ್ಯನ ಸ್ವಭಾವದಿಂದಲೇ ಬರುವ ಸರಿ-ತಪ್ಪಿನ ನಿಯಮ, ಒಂದಷ್ಟು ನಿಲ್ಲುತ್ತದೆ ಎಂದ. ಹಾಗೆ ಅಂದುಕೊಳ್ಳುವುದೇ ಮಹಾಪಾಪ ಅಂತಲೂ ಸೇರಿಸಿದ, ಪುಣ್ಯಾತ್ಮ! ಆಮೇಲೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ನೀತಿಯ ಬೇರನ್ನು ಮನುಷ್ಯನ ಭಾವನೆಯಲ್ಲೇ ಹುಡುಕಿದ.

ತೊಡಕಿರುವುದು ಜರ್ಮನ್ ತತ್ವಜ್ಞಾನಿ ಕಾಂಟ್ ಹತ್ತಿರ. ನೀತಿಯ ನಿಯಮವನ್ನು ನಮ್ಮ ವಿವೇಕವೇ ನಮಗೆ ಹಾಕಿಕೊಳ್ಳುತ್ತದೆ ಎಂದು 1785ರಲ್ಲಿ ಬರೆಯುತ್ತಾನೆ. 1788ಕ್ಕೆ ಬಂದರೆ, ಒಳ್ಳೆಯತನಕ್ಕೆ ತಕ್ಕ ಸುಖ ಸಿಗಬೇಕಾದರೆ ದೇವರಿದ್ದಾನೆ ಎಂದು ನಂಬಬೇಕು ಅನ್ನುತ್ತಾನೆ. ಮುಂಬಾಗಿಲಿಂದ ಕಳಿಸಿ ಹಿತ್ತಿಲಿಂದ ಕರೆದ ಹಾಗಾಯ್ತು, ಅಲ್ವಾ? ಅಥವಾ ನೀತಿಯ ಬುನಾದಿ ಬೇರೆ, ಸುಖದ ಭರವಸೆ ಬೇರೆ ಅಂತ ಓದಬೇಕಾ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಆದರೆ ಯಾರಾದರೂ ಕೆದಕಿದರೆ ಸಮರ್ಥಿಸುವುದು ಕಷ್ಟ.

ಇನ್ನೊಂದು ಪ್ರಶ್ನೆ. ಆಜ್ಞೆ ಕೊಡುವವನನ್ನು ಬಿಟ್ಟು ‘ಮಾಡಲೇಬೇಕು’ ಅನ್ನೋದನ್ನು ಮಾತ್ರ ಉಳಿಸಿಕೊಂಡರೆ ಅದಕ್ಕೆ ಅರ್ಥವಿಲ್ಲ ಎಂದು ಬ್ರಿಟಿಷ್ ತತ್ವಜ್ಞಾನಿ ಎಲಿಜಬೆತ್ ಆನ್ಸ್‌ಕಂಬ್ 1958ರಲ್ಲಿ ವಾದಿಸಿದರು. ಇದಕ್ಕೆ ಕಾಂಟ್ ಕಡೆಯವರು ಏನು ಹೇಳುತ್ತಾರೆ? ತತ್ವಶಾಸ್ತ್ರ ಓದಿದವರು ಸರಳವಾಗಿ ತಿಳಿಸಿ. ಕನ್ನಡದಲ್ಲಿ ಓದಲು ಏನಾದರೂ ಇದ್ದರೆ ಹೇಳಿ. ಸುಮ್ನೆ ವಿಕಿಪೀಡಿಯಾ ಲಿಂಕ್ ಮಾತ್ರ ಬೇಡ.