72 ಗಂಟೆಯ ಮಾತ್ರೆ: ಪ್ರತಿ ಔಷಧಿ ಅಂಗಡಿಯಲ್ಲೂ ಇರಲೇಬೇಕು ಅಂತ ಸರ್ಕಾರ ಹೇಳಬಹುದೇ?

ಇರುಳುಪಾಳಿ:
ಖಾಸಗಿ ಔಷಧಿ ಅಂಗಡಿಗಳು ತುರ್ತು ಗರ್ಭನಿರೋಧಕ ಮಾತ್ರೆಯನ್ನು ಸದಾ ಸ್ಟಾಕ್ ಇಟ್ಟುಕೊಳ್ಳಬೇಕು ಅಂತ ಸರ್ಕಾರ ಕಡ್ಡಾಯ ಮಾಡಬೇಕೇ? ಮಾಡಲೇಬೇಕು ಅನ್ನೋಳು ನಾನು. ಯಾಕೆ ಅಂತ ಹೇಳ್ತೀನಿ.

ನಾನು ನರ್ಸ್. ಒಂದು ದಿನ ಪಾಳಿ ಮುಗಿಯೋ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದಳು. ಅಷ್ಟರಲ್ಲಿ ಮೂರು ಅಂಗಡಿ ಸುತ್ತಿದ್ದಳು. ಮೊದಲನೆಯದರಲ್ಲಿ ಸ್ಟಾಕ್ ಇಲ್ಲ ಅಂದರಂತೆ. ಎರಡನೆಯದರಲ್ಲಿ ‘ಅಂಥದ್ದೆಲ್ಲ ನಾವು ಇಡಲ್ಲ’ ಅಂದರಂತೆ. ಮೂರನೆಯದರಲ್ಲಿ, ಬೇರೆಯವರೆಲ್ಲ ಹೋಗಲಿ ಅಂತ ಕಾದು ನಿಂತು, ಕೊನೆಗೆ ಬಾಯಿ ಬರದೆ ತಲೆನೋವಿನ ಮಾತ್ರೆ ತಗೊಂಡು ಹೊರಗೆ ಬಂದಿದ್ದಾಳೆ. ಆ ಸ್ಟ್ರಿಪ್ ಇನ್ನೂ ಅವಳ ಕೈಯಲ್ಲೇ ಇತ್ತು, ಮುದುಡಿ ಹೋಗಿತ್ತು. ಸಂಭೋಗವಾಗಿ ಆಗಲೇ 60 ಗಂಟೆ ದಾಟಿತ್ತು.

ಈ ತುರ್ತು ಮಾತ್ರೆಯನ್ನು (ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ) ಸಂಭೋಗವಾದ 72 ಗಂಟೆಯೊಳಗೆ ನುಂಗಬೇಕು ಅಂತಾರೆ. ಹಾಗಂತ ಮೊದಲನೇ ಗಂಟೆಗೂ ಎಪ್ಪತ್ತನೇ ಗಂಟೆಗೂ ಅದು ಒಂದೇ ಸಮ ಅಲ್ಲ. ಅಂಡ ಬಿಡುಗಡೆಯಾಗುವುದನ್ನು ತಡಮಾಡುವುದೇ ಅದರ ಕೆಲಸ. ಅಂಡ ಆಗಲೇ ಹೊರಬಿದ್ದಿದ್ದರೆ ಮಾತ್ರೆಗೆ ಮಾಡೋಕೆ ಏನೂ ಉಳಿದಿರಲ್ಲ. ಅದಕ್ಕೇ ‘ನಾಳೆ ತರಿಸಿಕೊಡ್ತೀನಿ’ ಅನ್ನೋ ಮಾತು ಇಲ್ಲಿ ‘ಇಲ್ಲ’ ಅಂದ ಹಾಗೇ ಆಗಬಹುದು.

ಕೌಂಟರ್ ಹಿಂದಿನವನು:
ನಾನು ಫಾರ್ಮಸಿಸ್ಟ್, ಸಣ್ಣ ಅಂಗಡಿ ನನ್ನದು. ಆ ಮಾತ್ರೆ ನನ್ನಲ್ಲಿ ಯಾವಾಗಲೂ ಇರುತ್ತೆ. ಆದರೂ ಕಡ್ಡಾಯಕ್ಕೆ ನನ್ನ ವಿರೋಧವಿದೆ ಮೇಡಂ. ಇನ್ಸುಲಿನ್ ಇಲ್ಲದೆ ಜನ ಸಾಯ್ತಾರೆ. ಅದನ್ನೂ ಎಷ್ಟೋ ಅಂಗಡಿ ಇಡಲ್ಲ, ಯಾರೂ ಕೇಳಲ್ಲ. ಇದೊಂದಕ್ಕೆ ಮಾತ್ರ ಕಾಯಿದೆ ಯಾಕೆ? ಸಾಲದ್ದಕ್ಕೆ ಎಕ್ಸ್‌ಪೈರಿ ಆದ ಸರಕನ್ನು ಡಿಸ್ಟ್ರಿಬ್ಯೂಟರ್ ವಾಪಸ್ ತಗೊಳ್ಳೋಕೆ ಹಿಂದೆಮುಂದೆ ನೋಡ್ತಾನೆ. ನಷ್ಟ ನಮ್ಮ ತಲೆಗೇ.

ಹೊಂಗೆನೆರಳು:
ದುಡ್ಡಿನ ಮಾತು ಬಿಡಿ. ನನ್ನದು ಮನಸ್ಸಾಕ್ಷಿಯ ಪ್ರಶ್ನೆ. ಅಂಡ ಫಲಿತವಾದ ಕ್ಷಣದಿಂದಲೇ ಜೀವ ಶುರು ಅಂತ ನಂಬುವವಳು ನಾನು. ಹಾಗೆ ನಂಬುವ ಅಂಗಡಿಯವರಿಗೆ ‘ಮಾರು, ಇಲ್ಲ ಅಂದ್ರೆ ಲೈಸೆನ್ಸ್ ವಾಪಸ್ ಕೊಡು’ ಅನ್ನೋದು ಯಾವ ನ್ಯಾಯ? ಆ ಹುಡುಗಿಯ ಸಂಕಟ ನನಗೂ ಮುಟ್ಟುತ್ತೆ. ಹಾಗಂತ ಇನ್ನೊಬ್ಬರ ನಂಬಿಕೆಯನ್ನು ತುಳಿಯಬೇಕಾ?

ಇರುಳುಪಾಳಿ:
ಹೊಂಗೆನೆರಳು ಅವರೇ, ನಿಮ್ಮ ನಂಬಿಕೆಯನ್ನು ನಾನು ಹಗುರವಾಗಿ ತಗೊಳ್ತಿಲ್ಲ. ಆದರೆ ಆ ನಂಬಿಕೆಯ ಪ್ರಕಾರವೇ ನೋಡಿ. ಈ ಮಾತ್ರೆ ಗರ್ಭಪಾತದ ಮಾತ್ರೆಯಲ್ಲ. ಈಗಾಗಲೇ ನಿಂತ ಗರ್ಭಕ್ಕೆ ಇದರಿಂದ ಏನೂ ಆಗಲ್ಲ. ಫಲಿತ ಅಂಡ ಗರ್ಭಕೋಶಕ್ಕೆ ಅಂಟಿಕೊಳ್ಳದ ಹಾಗೆ ಮಾಡಬಹುದು ಅಂತ ಅಮೆರಿಕದಲ್ಲಿ ಬಹಳ ವರ್ಷ ಇದರ ಪ್ಯಾಕೆಟ್ ಮೇಲೇ ಅಚ್ಚಾಗಿತ್ತು. ಪುರಾವೆ ಅದಕ್ಕೆ ಹೊಂದುವುದಿಲ್ಲ ಅಂತ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯೇ 2022ರ ಡಿಸೆಂಬರಿನಲ್ಲಿ ಆ ಮಾತನ್ನು ತೆಗೆಸಿತು.

ಸರ್, ಇನ್ಸುಲಿನ್‌ಗೆ ಫ್ರಿಡ್ಜ್ ಬೇಕು. ಇದಕ್ಕೆ ಬೇಡ. ಒಂದೇ ಮಾತ್ರೆಯ ಪುಟ್ಟ ಪ್ಯಾಕು, ಡ್ರಾಯರಿನ ಮೂಲೆ ಸಾಕು. ಮತ್ತೆ, ‘ಅದು ಸರಿಯಲ್ಲ’ ಅಂತ ಇನ್ಸುಲಿನ್ ಕೊಡದೇ ಇರೋರನ್ನ ನೀವು ನೋಡಿದ್ದೀರಾ?

ಕಾಯಿದೆ ಓದುಗ:
ಇದು ಹೊಸ ಜಗಳವೇನಲ್ಲ, ಕೋರ್ಟುಗಳು ಕಂಡಿವೆ. ಅಮೆರಿಕದ ವಾಷಿಂಗ್ಟನ್ ರಾಜ್ಯ 2007ರಲ್ಲಿ ನಿಯಮ ಮಾಡಿತು. ಜನರಿಗೆ ಬೇಕಾಗುವ ಔಷಧಿಗಳ ದಾಸ್ತಾನು ಅಂಗಡಿಯಲ್ಲಿರಬೇಕು, ಧರ್ಮದ ಕಾರಣ ಕೊಟ್ಟು ಅಂಗಡಿ ನಿರಾಕರಿಸುವ ಹಾಗಿಲ್ಲ ಅಂತ. ಇದೊಂದೇ ಮಾತ್ರೆಯ ಹೆಸರು ಹಿಡಿದು ಮಾಡಿದ ನಿಯಮವಲ್ಲ, ಅದನ್ನು ಗಮನಿಸಿ. ಇಷ್ಟವಿಲ್ಲದ ಫಾರ್ಮಸಿಸ್ಟ್ ಪಕ್ಕಕ್ಕೆ ಸರಿಯಬಹುದು, ಅದೇ ಅಂಗಡಿಯಲ್ಲಿ ಇನ್ನೊಬ್ಬರು ಕೊಟ್ಟರಾಯಿತು. ಅಂದರೆ ಹೊಣೆ ಮನುಷ್ಯನ ಮೇಲಲ್ಲ, ಅಂಗಡಿಯ ಮೇಲೆ. ಒಲಿಂಪಿಯಾ ಊರಿನಲ್ಲಿ ಫಾರ್ಮಸಿ ಇದ್ದ ಒಂದು ಕುಟುಂಬ ಇದರ ವಿರುದ್ಧ ಕೋರ್ಟಿಗೆ ಹೋಯಿತು. 2012ರಲ್ಲಿ ಗೆದ್ದಿತು, 2015ರಲ್ಲಿ ಮೇಲ್ಮನವಿಯಲ್ಲಿ ಸೋತಿತು, 2016ರಲ್ಲಿ ಸುಪ್ರೀಂ ಕೋರ್ಟ್ ಕೇಳಲಿಕ್ಕೇ ಒಪ್ಪಲಿಲ್ಲ.

ಫ್ರಾನ್ಸಿನ ಪ್ರಕರಣ ನನಗೆ ಇನ್ನೂ ಮುಖ್ಯ. ವೈದ್ಯರು ಬರೆದುಕೊಟ್ಟ ಗರ್ಭನಿರೋಧಕವನ್ನು ಮಾರದ ಇಬ್ಬರು ಫಾರ್ಮಸಿಸ್ಟರ ಅರ್ಜಿಯನ್ನು 2001ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತಳ್ಳಿಹಾಕಿತು. ಫಾರ್ಮಸಿ ಬಿಟ್ಟು ಬೇರೆಲ್ಲೂ ಸಿಗದ ವಸ್ತು ಅದು, ಹಾಗಿರುವಾಗ ನಿಮ್ಮ ನಂಬಿಕೆಯನ್ನು ಗಿರಾಕಿಯ ಮೇಲೆ ಹೇರುವಂತಿಲ್ಲ ಅಂದಿತು. ಬೇರೆ ಯಾರೂ ಮಾರದಂತೆ ತಡೆದು ನಿಮಗೊಬ್ಬರಿಗೇ ಹಕ್ಕು ಕೊಟ್ಟಿದ್ದು ಸರ್ಕಾರ ತಾನೇ? ಹಕ್ಕು ಪಡೆದ ಮೇಲೆ ಹೊಣೆಯೂ ಹೆಗಲಿಗೆ ಬರುತ್ತೆ.

ಕೌಂಟರ್ ಹಿಂದಿನವನು:
ಅರ್ಧ ಮಾತ್ರ ಹೇಳಿದಿರಿ ಸರ್. ಅಮೆರಿಕದ್ದೇ ಇಲಿನಾಯ್ ರಾಜ್ಯದಲ್ಲಿ 2005ರಲ್ಲಿ ಇಂಥದ್ದೇ ಆದೇಶ ಬಂತು, ಆಕ್ಷೇಪಿಸಿದ ಫಾರ್ಮಸಿಸ್ಟರ ಪರವಾಗಿ ಕೋರ್ಟುಗಳು ತೀರ್ಪು ಕೊಟ್ಟವು. ನೀವು ಹೇಳಿದ ಒಲಿಂಪಿಯಾ ಅಂಗಡಿಯ ಸುತ್ತ ಐದು ಮೈಲಿಯೊಳಗೆ 30ಕ್ಕೂ ಹೆಚ್ಚು ಫಾರ್ಮಸಿಗಳಲ್ಲಿ ಆ ಮಾತ್ರೆ ಸಿಗುತ್ತಿತ್ತು ಅಂತ ಸುಪ್ರೀಂ ಕೋರ್ಟಿನಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಅಲಿಟೊ ಎತ್ತಿ ತೋರಿಸಿದರು. ಅಷ್ಟಿದ್ದ ಮೇಲೆ ಆ ಒಬ್ಬರನ್ನು ಬಗ್ಗಿಸಿ ಯಾರಿಗೆ ಏನು ಸಿಕ್ಕಿತು?

ಮತ್ತೆ ಎಷ್ಟೋ ದೇಶಗಳಲ್ಲಿ ಇದಕ್ಕೆ ಡಾಕ್ಟರ ಚೀಟಿ ಬೇಡ. ಫಾರ್ಮಸಿ ಹೊರಗೂ ಮಾರೋಕೆ ಬಿಟ್ಟರೆ ನೀವು ಹೇಳುವ ಏಕಸ್ವಾಮ್ಯದ ವಾದವೇ ಬಿದ್ದುಹೋಗುತ್ತೆ.

ಕಾಯಿದೆ ಓದುಗ:
ಆ ಮಾತು ಒಪ್ಪಿದೆ. ಹೊರಗೂ ಸಿಗುವಲ್ಲಿ ಕಡ್ಡಾಯದ ತೂಕ ಕಮ್ಮಿಯಾಗುತ್ತೆ. ಆದರೆ ಯುಲಿಪ್ರಿಸ್ಟಲ್ ಅಂತ ಇನ್ನೊಂದಿದೆ, 120 ಗಂಟೆಯವರೆಗೂ ಕೊಡುವಂಥದ್ದು. ಅದಕ್ಕೆ ಇವತ್ತಿಗೂ ಹಲವು ಕಡೆ ಚೀಟಿ ಬೇಕು, ಫಾರ್ಮಸಿಯೇ ಗತಿ.

ಮುಂಗಾರುಹನಿ:
ನಡುವೆ ಬಾಯಿ ಹಾಕ್ತಿದ್ದೀನಿ. ನೀವೆಲ್ಲ ಸ್ಟಾಕ್ ಬಗ್ಗೆ ಮಾತಾಡ್ತಿದ್ದೀರಿ. ನಾನು ಕೇಳಿದ ಅಂಗಡಿಯಲ್ಲಿ ಸ್ಟಾಕ್ ಇತ್ತು. ಕೌಂಟರಿನಲ್ಲಿದ್ದವರು ನಾಲ್ಕು ಜನರ ಮುಂದೆ ‘ಯಾರಿಗೆ? ಮದುವೆ ಆಗಿದೆಯಾ?’ ಅಂತ ಜೋರಾಗಿ ಕೇಳಿದರು. ಮಾತ್ರೆ ಕೊಟ್ಟರು, ಚಿಲ್ಲರೆಯನ್ನು ಕೈಗೆ ಕೊಡದೆ ಕೌಂಟರ್ ಮೇಲೆ ತಳ್ಳಿದರು. ಎರಡನೇ ಸಲ ಬೇಕಾದಾಗ ನಾನು ಯಾವ ಅಂಗಡಿಗೂ ಹೋಗಲಿಲ್ಲ. ಆ ತಿಂಗಳು ದಿನ ಎಣಿಸಿಕೊಂಡು ಕೂತಿದ್ದು ನನಗೇ ಗೊತ್ತು. ಡ್ರಾಯರಿನಲ್ಲಿ ಮಾತ್ರೆ ಇರಲಿ ಅಂತ ಕಾಯಿದೆ ಮಾಡಬಹುದು. ಕೇಳೋಕೆ ಬಾಯಿ ಬರೋ ಹಾಗೆ ಯಾವ ಕಾಯಿದೆ ಮಾಡುತ್ತೆ?

ಇರುಳುಪಾಳಿ:
ಓದಿ ಸುಮ್ಮನೆ ಕೂತುಬಿಟ್ಟೆ. ನಿಯಮದಲ್ಲಿ ಅದೂ ಇರಬೇಕು: ಮದುವೆ ಆಗಿದೆಯಾ ಅಂತ ಕೇಳಬಾರದು. ಕೇಳಬೇಕಾದ್ದು ಬೇರೆ ಇದೆ. ಎಷ್ಟು ಹೊತ್ತಾಯಿತು, ಟಿಬಿಯ ರಿಫಾಂಪಿಸಿನ್ ಅಥವಾ ಮೂರ್ಛೆರೋಗದ ಮಾತ್ರೆ ತಗೊಳ್ತಿದ್ದೀರಾ ಅಂತ. ರಿಫಾಂಪಿಸಿನ್, ಕೆಲವು ಮೂರ್ಛೆರೋಗದ ಔಷಧಿ ಇದರ ಬಲ ಕುಗ್ಗಿಸುತ್ತವೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಬೇಕು ಅಂತಲೂ ಹೇಳಿ ಕಳಿಸಬೇಕು. ಇಷ್ಟನ್ನು ಮೆಲ್ಲಗೆ ಹೇಳಿದರೆ ಸಾಕು.

ಕೌಂಟರ್ ಹಿಂದಿನವನು:
ಮುಂಗಾರುಹನಿ ಅವರೇ, ನಮ್ಮವರ ಪರವಾಗಿ ಕ್ಷಮೆ ಇರಲಿ. ನನ್ನ ಅಂಗಡಿಯಲ್ಲೂ ಆ ಪ್ಯಾಕು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿದೆ, ಹೆಸರು ಹೇಳದೆ ಯಾರಿಗೂ ಸಿಗಲ್ಲ. ನಾಳೆ ಮುಂದಕ್ಕೆ ತಂದಿಡ್ತೀನಿ, ಕೈಚಾಚಿದರೆ ಸಿಗೋ ಹಾಗೆ. ಕಡ್ಡಾಯದ ಬಗ್ಗೆ ಇಷ್ಟು ಇಳಿಯಬಲ್ಲೆ: ಎರಡು ಪ್ಯಾಕು ಇಡಬೇಕು ಅನ್ನಿ, ಎಕ್ಸ್‌ಪೈರಿ ಆದದ್ದನ್ನು ಕಂಪನಿ ವಾಪಸ್ ತಗೊಳ್ಳಲೇಬೇಕು ಅಂತಲೂ ಅದೇ ಆದೇಶದಲ್ಲಿ ಬರೆಯಿರಿ. ಆಗ ನಾನು ಎದುರು ಮಾತಾಡಲ್ಲ.

ಹೊಂಗೆನೆರಳು:
ನನ್ನ ನಿಲುವು ಬದಲಾಗಿಲ್ಲ. ಅಂಗಡಿ ಕೂಡ ಒಬ್ಬ ಮನುಷ್ಯನದೇ. ಒಬ್ಬನೇ ನಡೆಸೋ ಅಂಗಡಿಯಲ್ಲಿ ‘ಪಕ್ಕಕ್ಕೆ ಸರಿ’ ಅಂದರೆ ಅವನು ಎಲ್ಲಿಗೆ ಸರಿಯಬೇಕು? ಆದರೆ ಇಡದವರು ಬಾಗಿಲಲ್ಲೇ ‘ಇಲ್ಲಿ ಇಲ್ಲ, ಇಂಥಲ್ಲಿ ಸಿಗುತ್ತೆ’ ಅಂತ ಬರೆದು ಹಾಕಬೇಕು, ಅದನ್ನು ಒಪ್ತೀನಿ. ಕಾಯಿಸಿ ಕಳಿಸೋದು ತಪ್ಪು.

ಆ ಹುಡುಗಿ ಏನಾದಳು?

ಇರುಳುಪಾಳಿ:
ಐದು ದಿನದೊಳಗೆ ಗರ್ಭಕೋಶಕ್ಕೆ ವಂಕಿ ಹಾಕಬಹುದು, ತಾಮ್ರದ್ದು (ಕಾಪರ್-ಟಿ ಅಂತಾರಲ್ಲ, ಅದು). ಮಾತ್ರೆಗಿಂತ ಅದೇ ಹೆಚ್ಚು ಖಚಿತ. ಹಾಕಬಲ್ಲ ಡಾಕ್ಟರ್ ಅವತ್ತು ಡ್ಯೂಟಿಯಲ್ಲಿದ್ದರು, ಹಾಕಿದರು. ಹೊರಡುವಾಗ ಆ ತಲೆನೋವಿನ ಸ್ಟ್ರಿಪ್ಪನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋಗಿದ್ದಳು.