ವಿಸಿಟರ್ ವೀಸಾದಲ್ಲಿ ಇದ್ದುಕೊಂಡೇ ಗ್ರೀನ್ ಕಾರ್ಡ್ ಅರ್ಜಿ?

ಪ್ರಶ್ನೆ: ಬಿ-2 ವೀಸಾದಲ್ಲಿ ಅಮೆರಿಕಕ್ಕೆ ಬಂದವರು ಅಲ್ಲಿನ ಪ್ರಜೆಯನ್ನು ಮದುವೆಯಾದರೆ ಭಾರತಕ್ಕೆ ಮರಳದೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದೇ? ಐ-94 (ಎಲ್ಲಿಯವರೆಗೆ ಅಲ್ಲಿರಬಹುದೆಂದು ತೋರಿಸುವ ಪ್ರವೇಶ ದಾಖಲೆ) ಅವಧಿ ಮುಗಿಯುತ್ತಾ ಬಂದಿದೆ.

ಉತ್ತರ 1: ಹಾಕಬಹುದು. ಐ-130 (ಸಂಗಾತಿ ನಿಮ್ಮ ಪರವಾಗಿ ಹಾಕುವ ಅರ್ಜಿ), ಐ-485 (ನಿಮ್ಮ ಗ್ರೀನ್ ಕಾರ್ಡ್ ಅರ್ಜಿ) ಒಟ್ಟಿಗೇ ಕಳಿಸಿ. ಜೊತೆಗೆ ಸಂಗಾತಿಯ ಐ-864 (ಆರ್ಥಿಕ ಬೆಂಬಲದ ಹೊಣೆಪತ್ರ), ವೈದ್ಯಕೀಯ ತಪಾಸಣೆಯ ಐ-693. ಈ ಐ-693 ಆಮೇಲೆ ಕೊಟ್ಟರಾಯ್ತು ಅನ್ನೋದು 2024ರ ಡಿಸೆಂಬರ್‌ನಿಂದ ನಡೆಯಲ್ಲ. ಡಾಕ್ಟರ್ ಕೊಟ್ಟ ಲಕೋಟೆ ಒಡೆಯಬೇಡಿ.

ಉತ್ತರ 2: ಐ-94 ಮುಗಿದರೂ ಪ್ರಜೆಯ ಸಂಗಾತಿಯ ಅರ್ಜಿಗೆ ಅಡ್ಡಿಯಿಲ್ಲ, ಗ್ರೀನ್ ಕಾರ್ಡುದಾರರ ಸಂಗಾತಿಗೆ ಈ ರಿಯಾಯಿತಿ ಇಲ್ಲ. ಆದರೆ ಇಲ್ಲೇ ನೆಲೆಸುವ ಉದ್ದೇಶ ಮುಚ್ಚಿಟ್ಟು ‘ಸುತ್ತಾಡಲು ಬಂದೆ’ ಎಂದಿದ್ದರೆ ಅದು ಸುಳ್ಳು ಹೇಳಿಕೆ. ಸಂದರ್ಶನದಲ್ಲಿ ಕೆದಕುವುದೇ ಇದನ್ನು.

ಉತ್ತರ 3: ಊರಲ್ಲಿ ಆರತಕ್ಷತೆ ಅಂತ ಟಿಕೆಟ್ ತೆಗೀಬೇಡಿ! ಮೊದಲು ಐ-131 ಅರ್ಜಿ ಹಾಕಿ. ಅಡ್ವಾನ್ಸ್ ಪೆರೋಲ್ (ಹೊರಹೋಗಿ ಮರಳಲು ಮುಂಗಡ ಅನುಮತಿ) ಕೈಗೆ ಬರುವ ಮೊದಲೇ ದೇಶ ಬಿಟ್ಟರೆ ಐ-485 ಕೈಬಿಟ್ಟಂತೆ.